ಗಾಜಿನ ಹಿಂದಿನ ಕಾನು: ಮಲೆನಾಡಿನ ಮಕ್ಕಳನ್ನು ಪ್ರಕೃತಿ ಸಂಗ್ರಹಾಲಯಕ್ಕೆ ಕರೆದೊಯ್ಯುವ ಬಗೆ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಶಾಲೆಗಳ ಮೈಸೂರು ಪ್ರವಾಸದ ಪಟ್ಟಿ ಬಹುಮಟ್ಟಿಗೆ ಒಂದೇ: ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ, ಸಂಜೆಗೆ ಕೆಆರ್‌ಎಸ್. ಕಾರಂಜಿ ಕೆರೆ ದಂಡೆಯಲ್ಲಿ 1995ರಿಂದ ಇರುವ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯಕ್ಕೆ ಉಳಿಯುವುದು ನಡುವಿನ ಇಪ್ಪತ್ತು ನಿಮಿಷ. ಮಕ್ಕಳು ಸಾಲಾಗಿ ಒಳಹೋಗಿ ಸಾಲಾಗಿಯೇ ಹೊರಬರುತ್ತಾರೆ. ಏನು ನೋಡಿದಿರಿ ಅಂದರೆ "ಹುಲಿ ಇತ್ತು, ಆನೆ ಇತ್ತು" ಅನ್ನುತ್ತಾರೆ. ಅಷ್ಟಕ್ಕೇ ಆದರೆ ಹೋಗದಿದ್ದರೂ ನಷ್ಟವಿಲ್ಲ. ಆನೆಯನ್ನು ಸಕ್ರೆಬೈಲಿನಲ್ಲಿ ಜೀವಂತವಾಗಿ, ಅದೂ ಹೊಳೆಯಲ್ಲಿ ಮೀಯುವಾಗಲೇ ನೋಡಬಹುದು.

ಕೊಟ್ಟಿಗೆಯ ಹಿಂದೆಯೇ ಕಾಡು ಶುರುವಾಗುವ ಊರಿನ ಮಗುವಿಗೆ ಕಾಡು ಚೆಂದ ಎಂದು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಕಾಡಿನ ಪ್ರಾಣಿ ನಿಂತು ತೋರಿಸಿಕೊಳ್ಳುವುದಿಲ್ಲ. ಮಂಗಟ್ಟೆಯ ಕೊಕ್ಕನ್ನು ಎರಡಡಿ ದೂರದಿಂದ ನೋಡಲು, ಕಾಡುಪಾಪದ ಬೆರಳು ಎಣಿಸಲು, ನೂರಾರು ಕೋಟಿ ವರ್ಷಗಳನ್ನು ಒಂದು ಗೋಡೆಯ ಮೇಲೆ ಓದಲು ಸಂಗ್ರಹಾಲಯವೇ ಬೇಕು. ಆದ್ದರಿಂದ ಪ್ರಶ್ನೆಗಳು ಊರಿನಲ್ಲೇ ಹುಟ್ಟಬೇಕು. ಮೈಸೂರಿಗೆ ಹೋಗುವುದು ಉತ್ತರ ಹುಡುಕಲು.

ಹೊರಡುವ ಮೊದಲಿನ ವಾರ

ಪ್ರತಿ ಮಗುವೂ ಒಂದು ಪ್ರಶ್ನೆ ತರಲಿ. ತಾನೇ ಕಂಡಿರುವ, ಆದರೆ ಹತ್ತಿರದಿಂದ ನೋಡಲಾಗದ ಪ್ರಾಣಿ ಅಥವಾ ಗಿಡದ ಬಗ್ಗೆ ಇರಲಿ. "ಹುಲಿ ಏನು ತಿನ್ನುತ್ತದೆ?" ಎಂಬಂಥದ್ದು ಬೇಡ, ಅದಕ್ಕೆ ಮನೆಯಲ್ಲೇ ಉತ್ತರವಿದೆ. ಪ್ರದರ್ಶಿಕೆಯ ಎದುರು ನಿಂತು ಕಣ್ಣಿನಿಂದಲೇ ಉತ್ತರ ಸಿಗುವಂಥದ್ದು ಬೇಕು:

– ಕಾಡುಪಾಪದ ತೋರುಬೆರಳು ಉಳಿದ ಬೆರಳುಗಳಷ್ಟೇ ಉದ್ದವೇ? (ಅಲ್ಲ, ಬಹಳ ಗಿಡ್ಡ. ಅದರ ಕೈ ಕೊಂಬೆಯನ್ನು ಇಕ್ಕಳದಂತೆ ಕಚ್ಚಿ ಹಿಡಿಯುವುದಕ್ಕೆ ಇದೂ ಒಂದು ಕಾರಣ.)
– ಹಾರುವ ಓತಿ, ಹಾರುವ ಅಳಿಲು, ಮಲಬಾರಿನ ಹಾರುವ ಕಪ್ಪೆ, ಈ ಮೂರರ "ರೆಕ್ಕೆ" ಒಂದೇ ಥರದ್ದೇ? (ಅಲ್ಲ. ಓತಿಯದು ಉದ್ದವಾದ ಪಕ್ಕೆಲುಬುಗಳ ಮೇಲೆ ಬಿಗಿದ ಚರ್ಮ, ಅಳಿಲಿನದು ಮುಂಗಾಲು ಹಿಂಗಾಲುಗಳ ನಡುವಿನ ಚರ್ಮ, ಕಪ್ಪೆಯದು ಬೆರಳುಗಳ ನಡುವಿನ ಜಾಲ. ಮೂರೂ ತೇಲುತ್ತವೆ, ಯಾವುದೂ ರೆಕ್ಕೆ ಬಡಿಯುವುದಿಲ್ಲ.)
– ಅಷ್ಟು ದೊಡ್ಡ ಕೊಕ್ಕು ಹೊತ್ತೂ ಮಂಗಟ್ಟೆ ಹೇಗೆ ಹಾರುತ್ತದೆ? (ಕೊಕ್ಕಿನ ಮೇಲಿನ ಶಿರಸ್ತ್ರಾಣ ಬಹುಪಾಲು ಟೊಳ್ಳು. ಕೊಯ್ದು ತೋರಿಸಿದ ಮಾದರಿ ಎಲ್ಲಾದರೂ ಇದ್ದರೆ ಬಿಡಬೇಡಿ.)

ಉತ್ತರಗಳನ್ನು ಶಿಕ್ಷಕರು ಮೊದಲೇ ಹೇಳಿಬಿಟ್ಟರೆ ಆಟ ಅಲ್ಲಿಗೇ ಮುಗಿಯಿತು. ಮಗು ಕೇಳಿದ ಪ್ರಾಣಿ ಅಲ್ಲಿ ಇಲ್ಲದೆಯೂ ಇರಬಹುದು. ಆಗ ಅದರ ಹತ್ತಿರದ ಸಂಬಂಧಿಯನ್ನು ಹುಡುಕುವುದೇ ಕೆಲಸ. ಇದನ್ನೂ ಮೊದಲೇ ಹೇಳಿಡಿ, ಇಲ್ಲವಾದರೆ ಮಗು ಅರ್ಧ ದಿನ ಮುಖ ಸಣ್ಣ ಮಾಡಿಕೊಂಡು ಓಡಾಡುತ್ತದೆ.

ದಿನ, ಗಾಡಿ, ಗುಂಪು

ಸಂಗ್ರಹಾಲಯಕ್ಕೆ ಸೋಮವಾರ ರಜೆ. ಮೃಗಾಲಯಕ್ಕೂ ಕಾರಂಜಿ ಕೆರೆ ಉದ್ಯಾನಕ್ಕೂ ಮಂಗಳವಾರ ರಜೆ. ಈ ಎರಡು ದಿನಗಳಲ್ಲಿ ಸಿಕ್ಕಿಬಿದ್ದು ಗೇಟಿನಿಂದ ವಾಪಸಾಗುವ ಬಸ್ಸುಗಳು ಪ್ರತಿ ವರ್ಷವೂ ಇರುತ್ತವೆ. ಮೂರನ್ನೂ ಒಂದೇ ದಿನ ನೋಡಬೇಕೆಂದರೆ ಬುಧವಾರದಿಂದ ಶುಕ್ರವಾರದೊಳಗೆ ಹೊಂದಿಸಿ. ಶನಿವಾರ, ಭಾನುವಾರ ಜನಜಂಗುಳಿ. ಸಂಗ್ರಹಾಲಯ ರಾಷ್ಟ್ರೀಯ ರಜೆಗಳಂದೂ ಮುಚ್ಚಿರುತ್ತದೆ. ಹೊರಡುವ ಹಿಂದಿನ ವಾರ ಫೋನ್ ಮಾಡಿ ಮಕ್ಕಳ ಸಂಖ್ಯೆ, ತರಗತಿ, ಬರುವ ಹೊತ್ತು ತಿಳಿಸಿ. ದೃಷ್ಟಿದೋಷವಿರುವ ಮಗು ಜೊತೆಯಲ್ಲಿದ್ದರೆ ಅದನ್ನೂ ಹೇಳಿ. ಮುಟ್ಟಿ ತಿಳಿಯುವ ವಸ್ತುಗಳನ್ನು ತೋರಿಸಲು ಸಿಬ್ಬಂದಿಗೆ ಸಮಯ ಬೇಕು.

ಶಿವಮೊಗ್ಗದಿಂದ ಮೈಸೂರು ರಸ್ತೆಯಲ್ಲಿ ಸುಮಾರು 250 ಕಿಲೋಮೀಟರ್, ಸಾಗರದಿಂದಾದರೆ ಇನ್ನೂ ಎಪ್ಪತ್ತು ಕೂಡಿಸಿ. ಬೆಳಗಿನ ಜಾವ ಮೂರಕ್ಕೆ ಎಬ್ಬಿಸಿ ಬಸ್ಸು ಹತ್ತಿಸಿದ ಮಕ್ಕಳು ಹನ್ನೊಂದಕ್ಕೆ ಗಾಜಿನ ಎದುರು ನಿಂತೇ ತೂಕಡಿಸುತ್ತಾರೆ. ತಾಳಗುಪ್ಪದಿಂದ ಸಾಗರ, ಶಿವಮೊಗ್ಗ, ಬೆಂಗಳೂರಿನ ಮೇಲೆ ಮೈಸೂರಿಗೆ ಹೋಗುವ ರಾತ್ರಿ ರೈಲೊಂದಿದೆ. ಮಲಗಿಕೊಂಡು ಹೋಗಿ ಬೆಳಿಗ್ಗೆ ಇಳಿಯಬಹುದು. ಬಸ್ಸೇ ಗತಿಯಾದರೆ ಹಿಂದಿನ ರಾತ್ರಿಯೇ ಮೈಸೂರು ತಲುಪಿಕೊಳ್ಳಿ. ತಿರುವಿನ ದಾರಿಯಲ್ಲಿ ವಾಂತಿ ಮಾಡಿಕೊಳ್ಳುವವರನ್ನು ಮುಂದಿನ ಸೀಟಿಗೆ ಕೂರಿಸಿ. ತಿಂಡಿಗೆ ಪೂರಿ ಬೇಡ, ಇಡ್ಲಿ ಸಾಕು.

ದಿನದ ಮೊದಲ ಕೆಲಸ ಸಂಗ್ರಹಾಲಯವೇ ಆಗಲಿ, ಮೃಗಾಲಯ ಆಮೇಲೆ. ತಿರುವುಮುರುವಾದರೆ ಜೀವಂತ ಜಿರಾಫೆ ನೋಡಿ ಬಂದ ಕಣ್ಣಿಗೆ ಅಲುಗಾಡದ ಜಿಂಕೆ ಸಪ್ಪೆ.

ನಲವತ್ತು ಮಕ್ಕಳಿದ್ದರೆ ಹತ್ತರಂತೆ ನಾಲ್ಕು ಗುಂಪು, ಪ್ರತಿ ಗುಂಪಿಗೆ ಒಬ್ಬ ದೊಡ್ಡವರು. ನಾಲ್ಕೂ ಗುಂಪುಗಳು ಬಾಗಿಲ ಪಕ್ಕದ ಮೊದಲ ಗಾಜಿನ ಗೂಡಿನಿಂದಲೇ ಶುರು ಮಾಡಿದರೆ ಮುಂದಿನವರ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಎರಡು ಗುಂಪು ಮೊದಲಿಂದ, ಎರಡು ಗುಂಪು ಕೊನೆಯಿಂದ ಬರಲಿ. ಒಬ್ಬೊಬ್ಬರ ಬಳಿಯೂ ಎರಡು ಪೆನ್ಸಿಲ್, ಗೆರೆಯಿಲ್ಲದ ನಾಲ್ಕು ಹಾಳೆ, ಒತ್ತಿಗೆ ಒಂದು ರಟ್ಟು. ರಬ್ಬರ್ ಬೇಡ: ಅದಿದ್ದರೆ ಚಿತ್ರ ಬಿಡಿಸುವ ಹೊತ್ತೆಲ್ಲ ಅಳಿಸುವುದಕ್ಕೇ ಹೋಗುತ್ತದೆ. ಪೆನ್ನೂ ಬೇಡ, ಶಾಯಿ ಎಲ್ಲಿ ಸಿಡಿಯುತ್ತದೋ ಹೇಳಲಾಗದು. ಗುಂಪಿಗೊಂದು ಅಳತೆ ಟೇಪು, ಒಂದು ಭೂತಗನ್ನಡಿ.

ಒಟ್ಟು ಒಂದೂವರೆ ಗಂಟೆ ಇಡಿ, ನಡುವೆ ಮುಕ್ಕಾಲು ಗಂಟೆಗೊಮ್ಮೆ ಹೊರಗೆ ಕೂತು ನೀರು ಕುಡಿಯಲು ಬಿಡುವು. ಬಗ್ಗಿ, ನಿಮಿರಿ, ಕುಕ್ಕರಗಾಲಲ್ಲಿ ಕೂತು ನೋಡುವುದು ಮೈಯನ್ನು ಎಷ್ಟು ದಣಿಸುತ್ತದೆ ಎಂದು ಅಮೆರಿಕದ ಬಾಸ್ಟನ್ ಸಂಗ್ರಹಾಲಯದ ಬೆಂಜಮಿನ್ ಐವ್ಸ್ ಗಿಲ್ಮನ್ 1916ರಲ್ಲೇ ಫೋಟೋ ತೆಗೆದು ತೋರಿಸಿದ್ದರು. "ಮ್ಯೂಸಿಯಂ ದಣಿವು" ಎಂಬ ಮಾತು ರೂಢಿಗೆ ಬಂದದ್ದು ಆಗಲೇ. ಎಲ್ಲ ಗೂಡುಗಳನ್ನೂ ನೋಡಿ ಮುಗಿಸುವ ಹಟ ಬೇಡ. ಗುಂಪಿಗೆ ನಾಲ್ಕು ಆರಿಸಿಕೊಡಿ, ಉಳಿದವನ್ನು ನಡೆಯುತ್ತಾ ನೋಡಲಿ.

ಡಯೋರಮಾ ಓದುವುದು

ಗಾಜಿನ ಹಿಂದೆ ಇಡೀ ಕಾಡಿನ ತುಣುಕೊಂದನ್ನು ನಿಲ್ಲಿಸಿರುತ್ತಾರಲ್ಲ, ಅದೇ ಡಯೋರಮಾ. ಅಮೆರಿಕದ ಮಿಲ್ವಾಕೀ ಸಂಗ್ರಹಾಲಯದಲ್ಲಿ ಕಾರ್ಲ್ ಎಕ್ಲಿ 1890ರ ಹೊತ್ತಿಗೆ ನೀರಿಲಿಗಳಿಗಾಗಿ ಮಾಡಿದ್ದು ಈ ಬಗೆಯ ಮೊದಮೊದಲಿನವುಗಳಲ್ಲೊಂದು. ಮುಂದೆ ನಿಜವಾದ ಅಥವಾ ಎರಕ ಹೊಯ್ದ ಗಿಡ, ಕಲ್ಲು, ಪ್ರಾಣಿ, ಹಿಂದೆ ಬಾಗಿದ ಗೋಡೆಯ ಮೇಲೆ ಬಣ್ಣದ ಕಾಡು, ಮೇಲಿನಿಂದ ಬೆಳಕು. ಇಲ್ಲಿ ಮಕ್ಕಳು ನಿಲ್ಲುವುದು ಸಾಮಾನ್ಯವಾಗಿ ಎಂಟು ಹತ್ತು ಸೆಕೆಂಡು. ಹತ್ತು ನಿಮಿಷ ನಿಲ್ಲಿಸುವ ದಾರಿ ಹೀಗೆ:

ಮೊದಲು ಎರಡು ಮೀಟರ್ ಹಿಂದೆ ನಿಂತು ಒಂದು ನಿಮಿಷ ಮಾತಿಲ್ಲದೆ ನೋಡುವುದು. ಕೈ ತೋರಿಸುವುದೂ ಬೇಡ. ಆಮೇಲೆ ಹತ್ತಿರ ಹೋಗಿ ನಿಜವಾದ ನೆಲ ಮುಗಿದು ಚಿತ್ರದ ನೆಲ ಶುರುವಾಗುವ ಗೆರೆಯನ್ನು ಹುಡುಕಬೇಕು. ಒಳ್ಳೆಯ ಕಲಾವಿದ ಅದನ್ನು ಪೊದೆಯ ಹಿಂದೆಯೋ ಬಿದ್ದ ಮರದ ಹಿಂದೆಯೋ ಮುಚ್ಚಿಟ್ಟಿರುತ್ತಾನೆ. ಇದು ಮಕ್ಕಳಿಗೆ ಆಟ, ಆದರೆ ಗೆರೆ ಹುಡುಕುವಷ್ಟರಲ್ಲಿ ಒಂದೊಂದು ಎಲೆಯನ್ನೂ ನೋಡಿ ಮುಗಿಸಿರುತ್ತಾರೆ.

ಮೂರನೆಯದು ಎಣಿಕೆ. ನೆಲದಲ್ಲಿ, ಪೊದೆಯ ಎತ್ತರದಲ್ಲಿ, ಮರದ ತುದಿಯಲ್ಲಿ ಎಂದು ಹಾಳೆಯಲ್ಲಿ ಮೂರು ಅಂಕಣ. ಮೊದಲ ನೋಟಕ್ಕೆ ಐದು ಪ್ರಾಣಿ ಕಂಡವರು ಎರಡನೆಯ ಸುತ್ತಿನಲ್ಲಿ ಹನ್ನೆರಡು ಕಾಣುತ್ತಾರೆ. ಓತಿ, ಜೇಡ, ಚಿಟ್ಟೆಗಳು ಸಿಗುವುದು ಆಗಲೇ. ತಲೆ ಎತ್ತಿ ನೋಡಲು ನೆನಪಿಸಬೇಕು. ಮಳೆಕಾಡಿನ ಬದುಕು ಹೆಚ್ಚಿರುವುದು ಮೇಲೆಯೇ, ಮಕ್ಕಳ ಕಣ್ಣು ಇರುವುದು ಹುಲಿಯ ಮೇಲೆ.

ನಾಲ್ಕನೆಯದೇ ಮುಖ್ಯ, ಮಲೆನಾಡಿನ ಮಕ್ಕಳು ಮೈಸೂರಿನ ಮಕ್ಕಳನ್ನು ಮೀರಿಸುವುದೂ ಇಲ್ಲಿಯೇ: ಇದರಲ್ಲಿ ಏನು ಸುಳ್ಳು, ಏನು ಇಲ್ಲ? ಉಂಬಳ ಇಲ್ಲ. ಜೀರುಂಡೆಯ ಕಿವಿಗಡಚಿಕ್ಕುವ ಸದ್ದಿಲ್ಲ. ಕೊಳೆತ ದರಕಿನ (ಉದುರಿದ ಎಲೆಯ) ವಾಸನೆ ಇಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಸುರಿಯುವ ಮಳೆ ಇಲ್ಲ. ದಟ್ಟ ಕಾನಿನ ನೆಲಕ್ಕೆ ತಲುಪುವುದು ಮೇಲಿನ ಬೆಳಕಿನ ನೂರಕ್ಕೆ ಒಂದೆರಡು ಪಾಲು ಮಾತ್ರ. ಗೂಡಿನಲ್ಲಿ ಮದುವೆಮನೆಯ ಬೆಳಕು. ರಾತ್ರಿ ಓಡಾಡುವ ಪುನುಗು ಬೆಕ್ಕೂ ಹಗಲಿನ ಕೆಂಜಳಿಲೂ ಒಂದೇ ಕೊಂಬೆಯ ಆಚೀಚೆ. ನಿಜದ ಕಾಡಿನಲ್ಲಿ ವರ್ಷವಿಡೀ ಅಲೆದು ಕಂಡದ್ದನ್ನು ಒಂದು ಕಿಟಕಿಯಲ್ಲಿ ತುಂಬಿದ್ದಾರೆ. ಹಾಗೆ ತುಂಬದಿದ್ದರೆ ತೋರಿಸಲು ಆಗುವುದಿಲ್ಲ ಎಂಬುದೂ ಮಕ್ಕಳಿಗೆ ಅರ್ಥವಾಗುತ್ತದೆ, ಹೇಳಿದರೆ.

ಕೊನೆಗೆ ಒಂದು ಚಿತ್ರ. ಇಡೀ ಗೂಡನ್ನು ಬಿಡಿಸಬಾರದು; ಒಂದು ಪಾದ, ಒಂದು ಕೊಕ್ಕು, ಒಂದು ಬೇರು. ಜೌಗು ಕಾಡಿನ ಪ್ರದರ್ಶಿಕೆ ಎಲ್ಲಾದರೂ ಸಿಕ್ಕರೆ ಬೇರನ್ನೇ ಬಿಡಿಸಲಿ. ಸಿದ್ದಾಪುರದ ಕತ್ತಲೆಕಾನಿನ ಜಡ್ಡಿಯಲ್ಲಿ ರಾಮಪತ್ರೆಯ ಜಾತಿಯ ಮರಗಳು ಮೊಣಕಾಲು ಮಡಿಸಿದಂಥ ಬೇರುಗಳನ್ನು ಕೆಸರಿನ ಮೇಲಕ್ಕೆ ಎತ್ತುವುದು ಉಸಿರಾಟಕ್ಕೆ. ನೀರು ನಿಂತ ಮಣ್ಣಿನಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ.

ನಿಜವೋ ಮಾಡಿದ್ದೋ

ಪ್ರತಿ ಪ್ರಾಣಿಯ ಎದುರೂ ಈ ಪ್ರಶ್ನೆ ಕೇಳಬಹುದು. ಚರ್ಮ ತುಂಬಿದ ಪ್ರಾಣಿಯಲ್ಲಿ ಚರ್ಮ, ಕೂದಲು, ಉಗುರು ನಿಜದವು. ಕಣ್ಣು ಗಾಜು, ಒಳಗಿನ ಮೈ ಅಚ್ಚಿನಲ್ಲಿ ಮಾಡಿದ್ದು. ಹೊಟ್ಟೆಯ ಕೆಳಗೆ, ಕಾಲಿನ ಒಳಬದಿಯಲ್ಲಿ ಹೊಲಿಗೆ ಹುಡುಕಿ. ಹಳೆಯ ಕಾಲದಲ್ಲಿ ಚರ್ಮಕ್ಕೆ ಹುಳು ಹಿಡಿಯದಂತೆ ಆರ್ಸೆನಿಕ್ ಸಾಬೂನು ಹಚ್ಚುತ್ತಿದ್ದರು. ತೆರೆದಿಟ್ಟ ಹಳೆಯ ಕೊಂಬು, ಚರ್ಮ ಮುಟ್ಟಬಾರದು ಅನ್ನುವುದು ಬರೀ ಶಿಸ್ತಿನ ಮಾತಲ್ಲ. ಇದೇ ಮೈಸೂರಿನಲ್ಲಿ ವ್ಯಾನ್ ಇಂಗೆನ್ ಕುಟುಂಬದ ಕಾರ್ಖಾನೆ 20ನೇ ಶತಮಾನದ ಉದ್ದಕ್ಕೂ ರಾಜರ, ಬ್ರಿಟಿಷರ ಬೇಟೆಯ ಹುಲಿ ಚಿರತೆಗಳನ್ನು ತುಂಬಿ ಕೊಡುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಆ ಕಸುಬಿನ ಕಾಲ ಮುಗಿಯುತ್ತಾ ಬಂತು. ಇಂದು ಮಾಡುವ ಪ್ರದರ್ಶಿಕೆಗಳಲ್ಲಿ ಫೈಬರ್ ಗ್ಲಾಸ್ ಎರಕವೇ ಹೆಚ್ಚು. ಅದರಲ್ಲಿ ಕೂದಲಿನ ಬದಲು ಗೀರು, ಹೊಲಿಗೆಯ ಬದಲು ಅಚ್ಚಿನ ಅಂಚು ಕಾಣುತ್ತದೆ.

ಬಾಟಲಿಯೊಳಗಿನ ಹಾವು, ಕಪ್ಪೆಗಳ ಎದುರು "ಇದು ನಮ್ಮೂರಿನದಲ್ಲ, ಬೆಳ್ಳಗಿದೆ" ಎಂದು ಮಕ್ಕಳು ವಾದಿಸುತ್ತಾರೆ. ಫಾರ್ಮಲಿನ್‌ನಲ್ಲಿ ಗಟ್ಟಿಮಾಡಿ ಮದ್ಯಸಾರದಲ್ಲಿಟ್ಟರೆ ಬಣ್ಣ ಕರಗಿಹೋಗುತ್ತದೆ, ಆಕಾರ ಉಳಿಯುತ್ತದೆ. ಅಲ್ಲಿ ನೋಡಬೇಕಾದ್ದು ಬೆರಳು, ಹುರುಪೆ, ಹಲ್ಲು.

ಹೆಸರಿನ ಚೀಟಿ

ಚೀಟಿಯಲ್ಲಿ ಮೂರು ಹೆಸರು ಇರಬಹುದು: ಕನ್ನಡದ್ದು, ಇಂಗ್ಲಿಷಿನದು, ವೈಜ್ಞಾನಿಕ ಹೆಸರು. ನಾಲ್ಕನೆಯದನ್ನು ಮಗು ಬರೆಯಲಿ, ಮನೆಯಲ್ಲಿ ಕರೆಯುವ ಹೆಸರು. ಚೀಟಿಯ ಕಾಡುಕೋಣ ಮನೆಯಲ್ಲಿ ಕಾಟಿ ಆಗಿರುತ್ತದೆ. ಊರಿಂದೂರಿಗೆ ಬದಲಾಗುವ ಇಂಥ ಹೆಸರುಗಳನ್ನು ಸಂಗ್ರಹಾಲಯ ಕೊಡುವುದಿಲ್ಲ, ಅಜ್ಜಿ ಕೊಡುತ್ತಾಳೆ.

ಚೀಟಿ ಹಳತಾಗುತ್ತದೆ ಎಂಬುದಕ್ಕೆ ಕಾಳಿಂಗ ಸರ್ಪಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಬಹುಕಾಲ ಎಲ್ಲ ಕಾಳಿಂಗಗಳೂ ಒಫಿಯೋಫೇಗಸ್ ಹನ್ನಾ ಎಂಬ ಒಂದೇ ಪ್ರಭೇದವಾಗಿದ್ದವು. 2024ರಲ್ಲಿ ಅವನ್ನು ನಾಲ್ಕಾಗಿ ವಿಂಗಡಿಸಿದರು, ಪಶ್ಚಿಮ ಘಟ್ಟದ್ದಕ್ಕೆ ಒಫಿಯೋಫೇಗಸ್ ಕಾಳಿಂಗ ಎಂದೇ ಹೆಸರಿಟ್ಟರು. ಆಗುಂಬೆಯ ಹಾವಿಗೆ ಕನ್ನಡದ ಹೆಸರು ವಿಜ್ಞಾನದಲ್ಲೂ ಸಿಕ್ಕಿತು. ಎಲ್ಲಾದರೂ ಕಾಳಿಂಗದ ಚೀಟಿ ಕಂಡರೆ ಹಳೆಯದೋ ಹೊಸದೋ ಎಂದು ಮಕ್ಕಳೇ ಹೇಳಬಲ್ಲರು.

ಡೈನೋಸಾರ್ ನಮ್ಮೂರಲ್ಲಿತ್ತಾ?

ಜೀವ ಬೆಳೆದು ಬಂದ ಕಾಲವನ್ನು ತೋರಿಸುವ ಭಾಗದಲ್ಲಿ ಈ ಪ್ರಶ್ನೆ ಖಂಡಿತ ಬರುತ್ತದೆ. ಹೋಗುವಾಗಲೇ 4.6 ಮೀಟರ್ ಹಗ್ಗ ಕೊಂಡೊಯ್ಯಿರಿ, ಬಾಳೆನಾರಾದರೂ ನಡೆದೀತು. ಭೂಮಿಗೆ ಸುಮಾರು 460 ಕೋಟಿ ವರ್ಷ. ಒಂದು ಸೆಂಟಿಮೀಟರಿಗೆ ಒಂದು ಕೋಟಿ ವರ್ಷದ ಲೆಕ್ಕ. ಇಂದಿನ ತುದಿಯಿಂದ ಹಿಂದಕ್ಕೆ ಅಳೆದರೆ ಡೈನೋಸಾರ್‌ಗಳು ಅಳಿದದ್ದು 6.6 ಸೆಂಟಿಮೀಟರಿನಲ್ಲಿ, ಹುಟ್ಟಿದ್ದು ಸುಮಾರು 23ರಲ್ಲಿ. ಚಿಪ್ಪು, ಕವಚದ ಪ್ರಾಣಿಗಳು ಹೇರಳವಾದದ್ದು 54ರ ಸುಮಾರಿಗೆ. ಶಿವಮೊಗ್ಗ ಸುತ್ತಿನ ಶಿಸ್ಟ್, ನೈಸ್ ಬಂಡೆಗಳ ಗಂಟು ಎರಡೂವರೆ ಮೀಟರಿನಾಚೆ. ಅಂದರೆ ನಮ್ಮ ಬಂಡೆ ಹುಟ್ಟಿದಾಗ ಪ್ರಾಣಿಗಳೇ ಇರಲಿಲ್ಲ. ಡೈನೋಸಾರ್ ಈ ನೆಲದ ಮೇಲೆ ನಡೆದಿರಲೂಬಹುದು, ಆದರೆ ಅದರ ಎಲುಬನ್ನು ಹೂತಿಟ್ಟುಕೊಳ್ಳುವ ಆ ಕಾಲದ ಕೆಸರಿನ ಪದರ ಇಲ್ಲಿ ಉಳಿದಿಲ್ಲ. ಶಿವಮೊಗ್ಗ, ಚಿತ್ರದುರ್ಗ ಪಟ್ಟಿಯ ಹಳೆಯ ಸುಣ್ಣಕಲ್ಲಿನಲ್ಲಿ ಸಿಗುವುದು ಸ್ಟ್ರೊಮಾಟೊಲೈಟ್: ಸೂಕ್ಷ್ಮಜೀವಿಗಳ ಹಾಸು ಪದರಪದರವಾಗಿ ಕಟ್ಟಿದ ಕಲ್ಲು. ಮನುಷ್ಯನ ಮೂರು ಲಕ್ಷ ವರ್ಷ ಈ ಹಗ್ಗದಲ್ಲಿ ಅರ್ಧ ಮಿಲಿಮೀಟರೂ ಇಲ್ಲ. ಹಗ್ಗದ ತುದಿಯ ಒಂದು ನಾರು ತೋರಿಸಿದರೆ ಸಾಕು.

ಪರಿಸರದ ಫಲಕಗಳು

ಗುಂಡಿ ಒತ್ತಿದರೆ ದೀಪ ಹತ್ತುವ ಆಹಾರ ಸರಪಳಿ, ಮಾಲಿನ್ಯದ ಚಿತ್ರ, ಅಣೆಕಟ್ಟಿನ ಮಾದರಿ. ಮಕ್ಕಳು ಗುಂಡಿ ಒತ್ತಿ ಓಡುತ್ತಾರೆ, ತಪ್ಪು ಅವರದಲ್ಲ. "ಮಾನವ ಕಾಡನ್ನು ನಾಶ ಮಾಡುತ್ತಿದ್ದಾನೆ" ಎಂದು ಬರೆದರೆ ಯಾವ ಮಾನವ, ಯಾವ ಕಾಡು ಎಂದು ಮಗುವಿಗೆ ತಿಳಿಯುವುದಿಲ್ಲ. ಫಲಕಕ್ಕೊಂದು ಊರಿನ ಹೆಸರು ಜೋಡಿಸಿ. ಅಣೆಕಟ್ಟು ಅಂದರೆ 1964ರ ಲಿಂಗನಮಕ್ಕಿ: ಯಾರ ಮನೆಯವರು ಮುಳುಗಡೆಯಿಂದ ಬಂದವರು, ಆ ವಿದ್ಯುತ್ ಎಲ್ಲಿಗೆ ಹೋಗುತ್ತದೆ? ಗೊಬ್ಬರ, ಮಣ್ಣು ಅಂದರೆ ಸೊಪ್ಪಿನ ಬೆಟ್ಟ: ನಿಮ್ಮ ತೋಟಕ್ಕೆ ವರ್ಷಕ್ಕೆ ಎಷ್ಟು ಹೊರೆ ಸೊಪ್ಪು, ಎಷ್ಟು ಹೊರೆ ದರಕು? ರೋಗ ಅಂದರೆ ಮಂಗನ ಕಾಯಿಲೆ: 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದದ್ದು, ವೈರಸ್ಸಿಗೆ ಆ ಕಾಡಿನ ಹೆಸರೇ ಬಂದದ್ದು. ಕಾಡು, ಉಣುಗು (ಈ ರೋಗ ಹರಡುವ, ರಕ್ತ ಹೀರುವ ಹುಳು), ಮಂಗ, ದನ, ಮನುಷ್ಯ ಒಂದೇ ಬಲೆಯಲ್ಲಿರುವುದಕ್ಕೆ ಇದಕ್ಕಿಂತ ಹತ್ತಿರದ ಪಾಠವಿಲ್ಲ. ಈ ಪ್ರಶ್ನೆಗಳಿಗೆ ಉತ್ತರ ಅಲ್ಲಿ ಬೇಡ, ಬಸ್ಸಿನಲ್ಲಿ ಮಾತಾಡಿಕೊಳ್ಳಲಿ.

ಫೋಟೋ ಬೇಕಿದ್ದರೆ ಮೊದಲು ಸಿಬ್ಬಂದಿಯನ್ನು ಕೇಳಿ. ಫ್ಲ್ಯಾಶ್ ಹಾಕಬಾರದು, ಗಾಜು ಆ ಬೆಳಕನ್ನೇ ಹಿಂತಿರುಗಿಸಿ ಚಿತ್ರ ಕೆಡಿಸುತ್ತದೆ. ಫೋನನ್ನು ಗಾಜಿಗೆ ತೀರಾ ಹತ್ತಿರ ಹಿಡಿದು ಸುತ್ತ ಕೈಯಿಂದ ಮರೆಮಾಡಿದರೆ ಪ್ರತಿಬಿಂಬ ಹೋಗುತ್ತದೆ. ಚೀಟಿಯದೂ ಒಂದು ಫೋಟೋ ತೆಗೆದುಕೊಳ್ಳಿ, ಇಲ್ಲವಾದರೆ ಊರಿಗೆ ಬಂದ ಮೇಲೆ ಯಾವುದು ಯಾವುದೋ ಗೊತ್ತಾಗುವುದಿಲ್ಲ.

ಊರಿಗೆ ಬಂದ ಮೇಲೆ

ಒಂದು ವಾರದೊಳಗೆ ಅದೇ ಹಾಳೆ ಹಿಡಿದು ಶಾಲೆಯ ಹತ್ತಿರದ ಕಾನಿಗೋ ಹಾಡ್ಯಕ್ಕೋ ಹೋಗಿ ಅದೇ ಮೂರು ಅಂಕಣ ತುಂಬಿಸಿ. ಗೂಡಿನಲ್ಲಿ ಹನ್ನೆರಡು ಪ್ರಾಣಿ ಎಣಿಸಿದವರಿಗೆ ಇಲ್ಲಿ ಒಂದೂ ಕಾಣದಿರಬಹುದು. ಹೆಜ್ಜೆ, ಹಿಕ್ಕೆ, ಕಡಿದ ಹಣ್ಣು, ಕೂಗು ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯಲಿ. ಮಕ್ಕಳು ಬರೆದ ಮನೆಹೆಸರುಗಳ ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಕೊಡಿ. 2002ರ ಜೈವಿಕ ವೈವಿಧ್ಯ ಕಾಯ್ದೆಯ ಪ್ರಕಾರ ಊರಿನ ಜೀವವೈವಿಧ್ಯ ದಾಖಲಾತಿ ನಡೆಸಬೇಕಾದ್ದು ಆ ಸಮಿತಿ.

ಶಾಲೆಯಲ್ಲೇ ಒಂದು ಕಪಾಟಿನ ಸಂಗ್ರಹ ಮಾಡುವ ಹುಮ್ಮಸ್ಸು ಬಂದರೆ ಎಲೆ, ಬೀಜ, ಕಲ್ಲು ಸಾಕು. ಗೂಡು, ಮೊಟ್ಟೆ, ಉಗುರು, ಚರ್ಮ, ಉದುರಿದ ಕಡವೆ ಕೋಡು ಕೂಡ ಬೇಡ, ಕಾನೂನಿನ ತೊಡಕು. ಹೂ ಅಥವಾ ಕಾಯಿ ಸಮೇತ ಎಲೆಯ ಟೊಂಗೆಯನ್ನು ಪತ್ರಿಕೆಯ ಹಾಳೆಗಳ ನಡುವೆ ಹರಡಿ, ಒಂದೆರಡು ಎಲೆಯನ್ನು ಬೆನ್ನು ಮೇಲಾಗಿ ತಿರುಗಿಸಿ, ಎರಡು ಹಲಗೆಯ ನಡುವೆ ಬಿಗಿಯಾಗಿ ಕಟ್ಟಿ. ಮೊದಲ ಮೂರು ದಿನ ದಿನವೂ ಹಾಳೆ ಬದಲಿಸಬೇಕು, ಆಮೇಲೆ ಎರಡು ದಿನಕ್ಕೊಮ್ಮೆ. ಹತ್ತು ದಿನದಲ್ಲಿ ಒಣಗುತ್ತದೆ. ಹಾಳೆ ಬದಲಿಸದಿದ್ದರೆ ಎಲೆ ಕಪ್ಪಾಗುತ್ತದೆ. ಮಳೆಗಾಲದಲ್ಲಿ ಮಾಡಿದರೆ ಏನು ಮಾಡಿದರೂ ಬೂಸು ಬರುತ್ತದೆ, ದೀಪಾವಳಿ ಕಳೆಯಲಿ. ಒಣಗಿದ್ದನ್ನು 42 × 29 ಸೆಂಟಿಮೀಟರಿನ ದಪ್ಪ ಹಾಳೆಗೆ ಅಂಟಿಸಿ, ಬಲಗಡೆ ಕೆಳಮೂಲೆಯಲ್ಲಿ ಹೆಸರು, ಮನೆಹೆಸರು, ಊರು, ದಿನಾಂಕ, ಕಿತ್ತವರು, ಮರದ ಎತ್ತರ, ಹೂವಿನ ಬಣ್ಣ ಬರೆಯಿರಿ. ಒಣಗಿದ ಮೇಲೆ ಬಣ್ಣ ಉಳಿಯುವುದಿಲ್ಲ.

ದೀಪಾವಳಿಯ ನಂತರ ಅಂದರೆ ಉಣುಗಿನ ಕಾಲವೂ ಹೌದು. ನವೆಂಬರ್‌ನಿಂದ ಮೇ ವರೆಗೆ ಮಂಗನ ಕಾಯಿಲೆಯ ಸುದ್ದಿ ಇರುವ ಊರುಗಳಲ್ಲಿ ಮಕ್ಕಳನ್ನು ಕಾಡಿಗೆ ಕರೆದೊಯ್ಯುವ ಮುನ್ನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಸತ್ತ ಮಂಗದ ವಿಷಯ ಕೇಳಿಬಂದರೆ ಆ ಕಡೆ ಹೋಗುವುದೇ ಬೇಡ. ಉಳಿದ ಕಡೆಯೂ ತುಂಬುತೋಳಿನ ಅಂಗಿ, ಪ್ಯಾಂಟಿನ ತುದಿ ಕಾಲುಚೀಲದೊಳಗೆ, ತೆರೆದ ಮೈಗೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ. ದರಕಿನ ಮೇಲೆ ಕೂರಬಾರದು. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಿ, ಮೊಣಕಾಲ ಸಂದು, ಕಂಕುಳು, ಕಿವಿಯ ಹಿಂದೆ ನೋಡಿಕೊಳ್ಳಬೇಕು. ಮರಿ ಉಣುಗು ಎಳ್ಳಿಗಿಂತ ಸಣ್ಣದು.